ಹೆಸರಿನೊಡನೆ ಕಾಯಕವನ್ನೂ ಕರೆಯಿರಿ

ಕಲಬುರಗಿ ಮಹಾನಗರದಲ್ಲಿ ವರ್ಷಂಪ್ರತಿ ಪುರಸ್ಕಾರಗಳನ್ನೂ ಸನ್ಮಾನಗಳನ್ನೂ ಏರ್ಪಡಿಸುವ ಸಮಿತಿಗಳ ಮಾನ್ಯ ಸದಸ್ಯರ ಸನ್ನಿಧಿಗೆ, ಮಹಾಗಾಂವದ ಒಬ್ಬ ನಿವೃತ್ತ ಶಾಲಾ ಮಾಸ್ತರನು ಮಾಡಿಕೊಳ್ಳುವ ವಿಜ್ಞಾಪನೆ.

ಮಹನೀಯರೆ,

ಮುಂಗಾರು ಒಂದಿಷ್ಟು ಕೈಹಿಡಿದು, ತೊಗರಿಯ ಸಾಲುಗಳು ಮೊಣಕಾಲೆತ್ತರಕ್ಕೆ ಏರಿ, ಎಡೆ ಹೊಡೆಯುವ ಎತ್ತುಗಳ ಕೊರಳಗಂಟೆಯ ನಾದವು ಕಪ್ಪು ಹೊಲಗಳಿಂದ ಊರೊಳಕ್ಕೆ ತೇಲಿಬರುವ ಈ ಶ್ರಾವಣದ ದಿನಗಳಲ್ಲಿ, ನಮ್ಮ ರೈತನು ಮೋಡವನ್ನು ನೋಡುತ್ತ ಕುಳಿತಿರುವಾಗ ತಾವು ನಗರದಲ್ಲಿ ಪಟ್ಟಿಗಳನ್ನು ನೋಡುತ್ತ ಕುಳಿತಿರುವಿರೆಂಬುದನ್ನು ನಾನು ಬಲ್ಲೆ. ಈ ವರ್ಷ ಯಾರ ಕೊರಳಿಗೆ ಹಾರ, ಯಾರ ಹೆಗಲಿಗೆ ಶಾಲು, ಯಾರ ಕೈಗೆ ಫಲಕವೆಂಬ ವಿಚಾರವು ಪ್ರತಿ ವರ್ಷವೂ ಈ ಋತುವಿನಲ್ಲಿಯೇ ಮೊಳೆತು, ಗಣೇಶ ಚತುರ್ಥಿ ಕಳೆಯುವ ಹೊತ್ತಿಗೆ ಹೂಬಿಟ್ಟು, ರಾಜ್ಯೋತ್ಸವದ ಹೊತ್ತಿಗೆ ಫಲಿಸುತ್ತದೆ. ಈ ಬೆಳೆಗೆ ಮಳೆಯ ಹಂಗಿಲ್ಲ. ಎಂಥ ಬರಗಾಲದಲ್ಲಿಯೂ ಅದು ಕೈಕೊಟ್ಟುದನ್ನು ನಾನು ಕಂಡವನಲ್ಲ.

ಇದನ್ನು ಅಣಕಕ್ಕಾಗಿ ಹೇಳಿದೆನೆಂದು ತಾವು ಬಗೆಯಬಾರದು. ಒಂದು ಊರು ವರ್ಷಕ್ಕೊಮ್ಮೆ ತನ್ನ ಕೆಲಸವನ್ನು ತಾನೇ ತಿರುಗಿ ನೋಡಿ, ಒಳಿತನ್ನು ಮಾಡಿದವರನ್ನು ಗುರುತಿಸಿ, ಹತ್ತು ಮಂದಿಯ ಎದುರಿಗೆ ಅವರನ್ನು ಹೆಸರು ಹಿಡಿದು ಕರೆಯುವುದು ಸುಸಂಸ್ಕೃತ ಜೀವನದ ಲಕ್ಷಣವೆಂಬುದರಲ್ಲಿ ನನಗೆ ಸಂದೇಹವಿಲ್ಲ. ನನ್ನ ವಿಜ್ಞಾಪನೆಯು ಸನ್ಮಾನವನ್ನು ನಿಲ್ಲಿಸಿರೆಂಬುದಲ್ಲ. ಸನ್ಮಾನವು ಯಾವುದರಿಂದ ಸನ್ಮಾನವಾಗುತ್ತದೆಯೋ ಆ ಒಂದು ಅಂಶವು ಎಲ್ಲಿಯೋ ಜಾರಿಹೋಗಿದೆ, ಅದನ್ನು ಹುಡುಕಿ ತನ್ನಿರೆಂಬುದು. ಅದು ಜಾರಿಹೋದದ್ದು ನನಗೆ ತಿಳಿದುಬಂದ ಸಂದರ್ಭವು ನನಗೇನೂ ಕೀರ್ತಿಯನ್ನು ತರುವಂಥದಲ್ಲವಾದರೂ ಅದನ್ನು ಹೇಳಿಯೇ ಮುಂದುವರಿಯುವುದು ನ್ಯಾಯವೆಂದು ತೋರುತ್ತದೆ.

ಕೆಲವು ವರ್ಷಗಳ ಹಿಂದೆ, ಹೆಸರು ಹೇಳಬೇಕಾಗಿಲ್ಲದ ಒಂದು ಸಂಸ್ಥೆಯವರು, ನಗರದ ಒಂದು ಸಭಾಭವನದಲ್ಲಿ, ಒಂದೇ ಸಂಜೆ, ನನ್ನನ್ನೂ ಸೇರಿಸಿ ಇಪ್ಪತ್ತೆಂಟು ಮಂದಿಗೆ ಸನ್ಮಾನ ಮಾಡಿದರು. ಹೊದಿಸುವವರ ಕೈ ಸೋಲಬಾರದೆಂದು ಶಾಲುಗಳನ್ನು ಮೊದಲೇ ಬಿಚ್ಚಿ ಕುರ್ಚಿಯ ಬೆನ್ನಿಗೆ ಹಾಕಿಟ್ಟಿದ್ದರು. ಹಾರಗಳನ್ನು ಒಬ್ಬ ಹುಡುಗನು ಮೊಳಕೈವರೆಗೂ ಪೋಣಿಸಿಕೊಂಡು ನಿಂತಿದ್ದನು. ನನ್ನ ಸರದಿ ಬಂದಾಗ ನಿರೂಪಕರು ಬಿನ್ನವತ್ತಳೆಯನ್ನು ಗಂಭೀರ ಸ್ವರದಿಂದ ಓದಿದರು. ಅದರ ಪ್ರತಿಯೊಂದು ವಾಕ್ಯವೂ ನನಗೆ ಬಹಳ ಪರಿಚಿತವಾದಂತೆ ತೋರಿ ನಾನು ತುಸು ಚಕಿತನಾದೆ. ಮೂರನೆಯ ವಾಕ್ಯಕ್ಕೆ ಬರುವಷ್ಟರಲ್ಲಿ ಕಾರಣವು ಹೊಳೆಯಿತು. ಅಕ್ಷರ ದುಂಡಗಿದೆ, ಸಂಸ್ಕೃತ ಪದಗಳ ಪರಿಚಯವಿದೆ ಎಂಬ ಒಂದೇ ಕಾರಣದಿಂದ ಈ ಸೀಮೆಯ ಅನೇಕರು ತಮ್ಮ ಸಮಾರಂಭಗಳಿಗೆ ನನ್ನಿಂದ ಬಿನ್ನವತ್ತಳೆಗಳನ್ನು ಬರೆಸಿಕೊಂಡು ಹೋಗುವುದುಂಟು. ಅಂಥದೊಂದನ್ನು, ಮತ್ತಾರಿಗೋ ನಾನೇ ಬರೆದುಕೊಟ್ಟುದನ್ನು, ಹೆಸರು ಮಾತ್ರ ಬದಲಿಸಿ ಅಂದು ನನ್ನ ಮುಂದೆಯೇ ಓದಿದ್ದರು. ‘ಬಹುಮುಖ ಪ್ರತಿಭೆ’, ‘ನಿಸ್ವಾರ್ಥ ಸೇವೆ’, ‘ಅಜಾತಶತ್ರು’ ಎಂದು ನಾನೇ ಎರಕ ಹೊಯ್ದ ಪದಗಳು ನನ್ನ ಮೇಲೆಯೇ ಬಂದು ಬಿದ್ದುವು.

ಸಭೆ ಮುಗಿದು ಜನರೆಲ್ಲ ಊಟಕ್ಕೆ ನಡೆದ ಮೇಲೆ, ನಾನು ಚಪ್ಪಲಿಯನ್ನು ಹುಡುಕುತ್ತ ಉಳಿದುಕೊಂಡೆ. ವೇದಿಕೆಯ ಮೇಲೆ ಉದುರಿದ್ದ ಸೇವಂತಿಗೆಯ ಎಸಳುಗಳನ್ನು ಒಬ್ಬ ವಯಸ್ಸಾದ ಹೆಣ್ಣುಮಗಳು ಬರಲಿನಿಂದ ಗುಡಿಸಿ ಗುಡ್ಡೆಹಾಕುತ್ತಿದ್ದಳು. ನನ್ನ ಕಂಕುಳಲ್ಲಿದ್ದ ಫಲಕವನ್ನು ನೋಡಿ, ಕೈಯ ಕೆಲಸವನ್ನು ನಿಲ್ಲಿಸಿ, ನಿಜವಾದ ಕುತೂಹಲದಿಂದಲೇ ಕೇಳಿದಳು: “ಯಪ್ಪಾ, ಯಾನ್ ಮಾಡಿರಂತ ಕೊಟ್ಟಾರ್ರಿ ನಿಮಗ ಇದು?”

“ಸಮಾಜ ಸೇವೆಗೆ, ತಾಯಿ,” ಎಂದೆ.

“ಅಂದ್ರ ಯಾನ್ ಕೆಲಸ್ರಿ ಅದು?”

ನಾನು ಉತ್ತರಕ್ಕಾಗಿ ಫಲಕವನ್ನು ನೋಡಿದೆ, ಬಿನ್ನವತ್ತಳೆಯನ್ನು ನೆನೆದೆ. ಮೂವತ್ತೊಂದು ವರ್ಷ ನಾಲ್ಕನೆಯ ತರಗತಿಯ ಮಕ್ಕಳಿಗೆ ಮಗ್ಗಿ ಬಾಯಿಪಾಠ ಮಾಡಿಸಿದ್ದು, ಜೋಳದ ರಾಶಿಯ ಕಾಲದಲ್ಲಿ ಶಾಲೆ ಬಿಟ್ಟ ಹುಡುಗರನ್ನು ಕಣಕ್ಕೆ ಹೋಗಿ ಕರೆತಂದದ್ದು, ಇಷ್ಟೇ ನಾನು ಬದುಕಿನಲ್ಲಿ ಮಾಡಿದ ಕೆಲಸ. ಅದರಲ್ಲಿ ಒಂದಕ್ಷರವೂ ಆ ಕಾಗದದಲ್ಲಿರಲಿಲ್ಲ. ಕೆಲಸವೊಂದನ್ನು ಬಿಟ್ಟು ಮಿಕ್ಕೆಲ್ಲವನ್ನೂ ಅಲ್ಲಿ ಹೊಗಳಲಾಗಿತ್ತು. ನಾನು ಸುಮ್ಮನಾದುದನ್ನು ಕಂಡು ಆಕೆ ಮರಳಿ ಬರಲನ್ನು ಹಿಡಿದಳು.

ಆ ದಿನದಿಂದ ನಾನು ಬಿನ್ನವತ್ತಳೆ ಬರೆಯುವುದನ್ನು ಬಿಟ್ಟಿದ್ದೇನೆ, ಯೋಚಿಸುವುದನ್ನು ಬಿಡಲಾಗಿಲ್ಲ. ನಾವು ಯಾರನ್ನಾದರೂ ಗೌರವಿಸಬೇಕೆಂದಾಗ ಅವರ ಹೆಸರಿನಿಂದ ಅವರ ಕೆಲಸವನ್ನು ಕಳಚಿ ಪಕ್ಕಕ್ಕಿಡುವ ಅಭ್ಯಾಸವು ನಮಗೆ ಎಲ್ಲಿಂದ ಬಂತು? ನಮ್ಮ ನೆಲದ ಸಂಪ್ರದಾಯವಂತೂ ಹಾಗಿರಲಿಲ್ಲ. ನಮ್ಮೂರಿನ ಕ್ರಾಸಿನಲ್ಲಿ ನಿಂತರೆ ಒಂದು ದಿಕ್ಕಿಗೆ ರಸ್ತೆಯು ಕಲಬುರಗಿಗೆ ಹೋಗುತ್ತದೆ. ಇನ್ನೊಂದು ದಿಕ್ಕಿಗೆ ಕಮಲಾಪುರವನ್ನು ದಾಟಿ ಹುಮನಾಬಾದಿಗೆ ಹೋಗಿ, ಅಲ್ಲಿಂದ ಬಸವಕಲ್ಯಾಣಕ್ಕೆ ಸೇರುತ್ತದೆ. ಹನ್ನೆರಡನೆಯ ಶತಮಾನದಲ್ಲಿ ಆ ಕಲ್ಯಾಣದಲ್ಲಿ ನೆರೆದವರನ್ನು ಲೋಕವು ಇಂದಿಗೂ ಹೇಗೆ ಕರೆಯುತ್ತದೆಂಬುದನ್ನು ನೆನೆಯಿರಿ: ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ಹಡಪದ ಅಪ್ಪಣ್ಣ, ತುರುಗಾಹಿ ರಾಮಣ್ಣ, ಕೊಟ್ಟಣದ ಸೋಮಮ್ಮ. ಬಟ್ಟೆ ಒಗೆಯುವುದು, ದೋಣಿ ನಡೆಸುವುದು, ಹಗ್ಗ ಹೊಸೆಯುವುದು, ದನ ಕಾಯುವುದು, ಭತ್ತ ಕುಟ್ಟುವುದು, ಇವು ಹೆಸರಿನ ಹಿಂದೆ ಅಡಗಿಕೊಳ್ಳಲಿಲ್ಲ. ಹೆಸರಿಗಿಂತ ಮುಂದೆ ಬಂದು ನಿಂತುವು. ಶಿವಭಕ್ತರ ಅಂಗಳವನ್ನು ಗುಡಿಸುವುದೇ ಸತ್ಯಕ್ಕನೆಂಬ ಶರಣೆಯ ಕಾಯಕವಾಗಿತ್ತೆಂದು ಪರಂಪರೆಯು ಹೇಳುತ್ತದೆ. ಅಂಗಳ ಗುಡಿಸುವವಳ ವಚನಗಳನ್ನು ಎಂಟು ನೂರು ವರ್ಷ ಜತನದಿಂದ ಕಾಪಾಡಿಕೊಂಡು ಬಂದ ಈ ಸೀಮೆಯಲ್ಲಿಯೇ, ಅಂಗಳ ಗುಡಿಸುವವಳು ವೇದಿಕೆಯನ್ನು ಏರುವುದು ಸಭೆ ಮುಗಿದು ದೀಪ ಆರಿಸುವ ಹೊತ್ತಿಗೆ ಮಾತ್ರವೆಂಬುದು ಸಾಮಾನ್ಯವಾದ ವಿಪರ್ಯಾಸವಲ್ಲ.

ಕಲ್ಯಾಣಕ್ಕಿಂತಲೂ ಹಿಂದಕ್ಕೆ ಹೋದರೂ ನಮ್ಮ ಜಿಲ್ಲೆಯ ಕಲ್ಲುಗಳು ಇದನ್ನೇ ನುಡಿಯುತ್ತವೆ. ಭೀಮಾನದಿಯ ದಡದ ಸನ್ನತಿಯ ಬಳಿ, ಕನಗನಹಳ್ಳಿಯಲ್ಲಿ, ನೆಲದಿಂದ ಹೊರತೆಗೆದ ಬೌದ್ಧಸ್ತೂಪದ ಫಲಕಗಳಲ್ಲಿ ಅಶೋಕ ಚಕ್ರವರ್ತಿಯ ರೂಪವು ಅವನ ಹೆಸರಿನೊಡನೆ ಕೆತ್ತಲ್ಪಟ್ಟಿರುವುದನ್ನು ಲೋಕವೆಲ್ಲ ಬಲ್ಲುದು. ಆದರೆ ಅದೇ ಸ್ತೂಪಕ್ಕೆ ಕಲ್ಲನ್ನು ಕೊಟ್ಟ ಗೃಹಸ್ಥರು, ಭಿಕ್ಷುಗಳು, ಭಿಕ್ಷುಣಿಯರು ತಾವು ಯಾರು, ಏನನ್ನು ಕೊಟ್ಟೆವೆಂದು ಬ್ರಾಹ್ಮೀ ಲಿಪಿಯಲ್ಲಿ ಬರೆಸಿ ಹೋದುದನ್ನು ನೆನೆಯುವವರು ವಿರಳ. ಚಿತ್ತಾಪುರದ ಪಕ್ಕದ ನಾಗಾವಿಯಲ್ಲಿ, 1058ರ ಒಂದು ಶಾಸನವು, ಚಾಲುಕ್ಯ ತ್ರೈಲೋಕ್ಯಮಲ್ಲನ ದಂಡನಾಯಕನಾದ ಮಧುಸೂದನನು ಕಟ್ಟಿಸಿದ ಘಟಿಕಾಸ್ಥಾನವನ್ನು ವರ್ಣಿಸುವಾಗ, ವೇದ ಶಾಸ್ತ್ರಗಳನ್ನು ಓದುವವರು, ಓದಿಸುವವರ ಜೊತೆಗೆ, ಪುಸ್ತಕಗಳನ್ನು ಕಾಯುವ ಆರು ಮಂದಿ ಸರಸ್ವತೀ ಭಂಡಾರಿಗರನ್ನೂ ಮರೆಯದೆ ಲೆಕ್ಕಕ್ಕೆ ತಂದಿದೆ. ಸುಮಾರು ಒಂದು ಸಾವಿರ ವರ್ಷಗಳ ಹಿಂದೆ, ಒಬ್ಬ ದಂಡನಾಯಕನ ಕೀರ್ತಿಶಾಸನದಲ್ಲಿ, ಗ್ರಂಥಪಾಲಕರಿಗೆ ಒಂದು ಸ್ಥಾನವಿತ್ತು! ಇಂದು ನಮ್ಮ ಗ್ರಾಮ ಪಂಚಾಯತಿಗಳ ಗ್ರಂಥಾಲಯಗಳು ‘ಅರಿವು ಕೇಂದ್ರ’ಗಳಾಗಿ, ಸಂಜೆಯ ಹೊತ್ತು ಹಳ್ಳಿಯ ಮಕ್ಕಳಿಗೆ ಪುಸ್ತಕವನ್ನೂ ಪತ್ರಿಕೆಯನ್ನೂ ಒದಗಿಸುತ್ತಿವೆ; ಆದರೆ ಅವುಗಳ ಬೀಗದ ಕೈಯನ್ನು ಸೆರಗಿನಲ್ಲಿ ಕಟ್ಟಿಕೊಂಡು ತಿರುಗುವ ಮೇಲ್ವಿಚಾರಕಿಯರನ್ನು ತಮ್ಮ ಪಟ್ಟಿಯಲ್ಲಿ ನಾನು ಹುಡುಕುತ್ತಲೇ ಇದ್ದೇನೆ.

ಹಳೆಯ ಶಾಸನಗಳಲ್ಲಿ ಇನ್ನೊಂದು ಗುಣವನ್ನೂ ಗಮನಿಸಬೇಕು. ಅವು ಹೊಗಳಿಕೆಯಲ್ಲಿ ಕೃಪಣವಾದುವಲ್ಲ; ಅರಸನ ಬಿರುದುಗಳು ಮುಗಿಯುವುದಕ್ಕೆ ಕಲ್ಲಿನ ಅರ್ಧವೇ ಬೇಕಾಗುವುದುಂಟು. ಆದರೆ ಆ ಬಿರುದುಗಳ ಬೆನ್ನಿಗೇ ಕೊಟ್ಟ ಭೂಮಿ ಎಷ್ಟು ಮತ್ತರು, ಯಾವ ಕೋಲಿನಲ್ಲಿ ಅಳೆದದ್ದು, ಅದರ ಎಲ್ಲೆ ಯಾವ ಹಳ್ಳದಿಂದ ಯಾವ ಗುಡ್ಡದವರೆಗೆ, ಸಾಕ್ಷಿಗಳು ಯಾರು ಎಂಬ ವಿವರಗಳು ಬಂದೇ ಬರುತ್ತವೆ. ಲೆಕ್ಕವಿಲ್ಲದ ಕೀರ್ತಿಯನ್ನು ನಮ್ಮ ಹಿರಿಯರು ಕಲ್ಲಿಗೆ ಯೋಗ್ಯವೆಂದು ಬಗೆಯಲಿಲ್ಲ.

ಇದನ್ನು ಓದುವಾಗ, ಇಂದಿನ ಕಾಲದಲ್ಲಿ ಅಂಥ ಕಟ್ಟುನಿಟ್ಟು ಸಾಧ್ಯವೆ ಎಂದು ತಾವು ಕೇಳಬಹುದು. ಸಾಧ್ಯವೆಂಬುದಕ್ಕೆ ನಮ್ಮ ತಾಲೂಕಿನ ಒಂದು ಹಣ್ಣೇ ಸಾಕ್ಷಿ. ಕಮಲಾಪುರದ ಕೆಂಪು ಬಾಳೆಗೆ ಭೌಗೋಳಿಕ ಗುರುತು ದೊರೆತಿರುವುದು ತಮಗೆ ವಿದಿತವೇ ಸರಿ. 2019ರಲ್ಲಿ ನಮ್ಮ ತೊಗರಿಬೇಳೆಗೂ ಆ ಮನ್ನಣೆ ಬಂತು. ಈ ಗುರುತನ್ನು ಪಡೆಯಬೇಕಾದರೆ ಆ ಬೆಳೆಯ ವಿಶೇಷ ಗುಣವೇನು, ಯಾವ ಮಣ್ಣಿನಿಂದ ಅದು ಬಂತು, ಎಷ್ಟು ಕಾಲದಿಂದ ಇಲ್ಲಿ ಬೆಳೆಯುತ್ತಿದ್ದಾರೆ, ಎಲ್ಲೆ ಯಾವುದು ಎಂಬುದನ್ನೆಲ್ಲ ಚೆನ್ನೈಯ ನೋಂದಣಿ ಕಚೇರಿಗೆ ಬರೆದು ಸಾಧಿಸಬೇಕು, ಅಧಿಕಾರಿಗಳು ಪರೀಕ್ಷಿಸಬೇಕು, ಬಳಿಕ ಅರ್ಜಿಯನ್ನು ಪ್ರಕಟಿಸಿ, ಆಕ್ಷೇಪವಿದ್ದವರು ಮುಂದೆ ಬಂದು ಹೇಳಲೆಂದು ತಿಂಗಳುಗಟ್ಟಲೆ ಕಾಯಬೇಕು, ಯಾರೂ ಆಕ್ಷೇಪಿಸದಿದ್ದರೆ ಅಥವಾ ಆಕ್ಷೇಪವು ನಿಲ್ಲದಿದ್ದರೆ ಮಾತ್ರ ಹೆಸರು ದಾಖಲೆಗೆ ಸೇರುತ್ತದೆ. ಒಂದು ಬಾಳೆಯ ಹಣ್ಣನ್ನು ಇಷ್ಟು ಶೋಧಿಸಿ ಗೌರವಿಸುವ ನಾವು, ಮನುಷ್ಯನನ್ನು ಗೌರವಿಸುವಾಗ ಒಂದು ದೂರವಾಣಿಯ ಕರೆಯಲ್ಲಿಯೇ ಕೆಲಸವನ್ನು ಮುಗಿಸಿಬಿಡುತ್ತೇವೆ. ಹಣ್ಣಿಗಿರುವ ಮರ್ಯಾದೆಯಾದರೂ ನಮಗಿರಲೆಂದು ಕೇಳಿಕೊಂಡರೆ ಅತ್ಯಾಶೆಯಾದೀತೆ?

ಈಗ ಹಳ್ಳಿಯವರಾದ ನಮ್ಮಲ್ಲಿ ರೂಢಿಯಲ್ಲಿರುವ, ನಗರವಾಸಿಗಳಾದ ತಾವು ಅಷ್ಟಾಗಿ ಗಮನಿಸದಿರಬಹುದಾದ ಒಂದು ಸಂಗತಿಯನ್ನು ತಮ್ಮ ಮುಂದಿಡುತ್ತೇನೆ. ಅದು ಜಮಾಬಂದಿ. ಹಳೆಯ ಕಂದಾಯದ ಕಾಲದ ಈ ಮಾತು ಇಂದು ಪಂಚಾಯತಿಯ ನಿಯಮಗಳಲ್ಲಿ ಹೊಸ ಅರ್ಥವನ್ನು ಪಡೆದಿದೆ. ಪ್ರತಿ ವರ್ಷವೂ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ಗೊತ್ತುಪಡಿಸಿದ ಒಂದು ದಿನ, ಮೇಲಿನಿಂದ ನೇಮಿತರಾದ ಅಧಿಕಾರಿಗಳು ಪಂಚಾಯತಿಗೆ ಬಂದು, ಹಿಂದಿನ ವರ್ಷದ ಜಮೆ ಖರ್ಚುಗಳನ್ನೂ ಕಾಮಗಾರಿಗಳನ್ನೂ ಊರವರ ಎದುರಿನಲ್ಲಿ ಪರಿಶೀಲಿಸಬೇಕು. ಪುಸ್ತಕದಲ್ಲಿ ಬರೆದ ಚರಂಡಿಯು ಓಣಿಯಲ್ಲಿಯೂ ಇದೆಯೆ ಎಂದು ನಡೆದುಹೋಗಿ ನೋಡಬೇಕು. ಯಾರು ಬೇಕಾದರೂ ನಿಂತು ಕೇಳಬಹುದು. ಅಂದು ಅಭಿವೃದ್ಧಿ ಅಧಿಕಾರಿಯ ಹಣೆಯಲ್ಲಿ ಮೂಡುವ ಬೆವರನ್ನೂ, ಎಂದೂ ಬಾಯಿಬಿಡದ ಮುದುಕಿಯೊಬ್ಬಳು ನಳದ ಲೆಕ್ಕವನ್ನು ಕೇಳುವ ದಿಟ್ಟತನವನ್ನೂ ನಾನು ಕಂಡಿದ್ದೇನೆ. ಎಲ್ಲ ಊರಿನಲ್ಲಿ, ಎಲ್ಲ ವರ್ಷವೂ ಇದು ನಿಷ್ಠೆಯಿಂದ ನಡೆಯುತ್ತದೆಂದು ನಾನು ಹೇಳಲಾರೆ. ಹತ್ತು ಮಂದಿಯ ಸಹಿಯಲ್ಲಿ ಮುಗಿದುಹೋಗುವ ಜಮಾಬಂದಿಗಳೂ ಉಂಟು. ಆದರೂ ವ್ಯವಸ್ಥೆಯೆಂಬುದು ಒಂದಿದೆ. ಕೇಳುವ ಹಕ್ಕು ಸತ್ತಿಲ್ಲ.

ಲೆಕ್ಕ ಕೊಡುವುದು ಅವಮಾನವೆಂದು ತಿಳಿಯುವವರಿಗೆ ಬಸವಣ್ಣನವರ ಕಥೆಯೇ ಉತ್ತರವಾಗಬೇಕು. ಅವರು ಬಿಜ್ಜಳನ ಭಂಡಾರಿಗಳು. ಅರಮನೆಯ ಹೊನ್ನನ್ನು ಜಂಗಮರಿಗೆ ಸುರಿಯುತ್ತಿದ್ದಾನೆಂದು ಕೊಂಡೆಯರು ದೂರು ಹೇಳಿದಾಗ, ಅವರು ತಮ್ಮ ಭಕ್ತಿಯನ್ನು ಬಣ್ಣಿಸುತ್ತ ನಿಲ್ಲಲಿಲ್ಲ. ಭಂಡಾರವನ್ನು ತೆರೆದು ಎಣಿಸಿರೆಂದರು, ಎಣಿಸಿದಾಗ ಒಂದು ಕಾಸೂ ಕಡಿಮೆಯಾಗಿರಲಿಲ್ಲವೆಂದು ಪುರಾಣಗಳು ಹೇಳುತ್ತವೆ. ಪವಾಡವೆಂದು ಅದನ್ನು ಕೈಮುಗಿದು ಕೇಳುವ ನಾವು, ಪವಾಡಕ್ಕೂ ಮುಂಚೆ ನಡೆದ ಆ ಎಣಿಕೆಯನ್ನು ಮರೆಯುತ್ತೇವೆ.

ಇನ್ನು ತಮ್ಮ ಪಂಚಾಂಗವನ್ನು ನೋಡೋಣ. ಸೆಪ್ಟೆಂಬರ್ 15ಕ್ಕೆ ಹಳ್ಳಿಗಳ ಲೆಕ್ಕ ಮುಗಿಯುತ್ತದೆ. 17ಕ್ಕೆ, 1948ರಲ್ಲಿ ನಿಜಾಮನ ಆಳ್ವಿಕೆ ಕೊನೆಗಂಡ ನೆನಪಿನ ಕಲ್ಯಾಣ ಕರ್ನಾಟಕ ಉತ್ಸವ. 23ಕ್ಕೆ ಪೌರಕಾರ್ಮಿಕರ ದಿನ. ಅಕ್ಟೋಬರ್ 2ಕ್ಕೆ, ತಾಲೂಕಿಗೊಂದರಂತೆ ಆಯ್ದ ಪಂಚಾಯತಿಗಳಿಗೆ 5 ಲಕ್ಷ ರೂಪಾಯಿಗಳ ಗಾಂಧಿ ಗ್ರಾಮ ಪುರಸ್ಕಾರ. ನವೆಂಬರ್ 1ಕ್ಕೆ ರಾಜ್ಯೋತ್ಸವ. ಒಂದೂವರೆ ತಿಂಗಳ ಅವಧಿಯಲ್ಲಿ ಲೆಕ್ಕವೂ ಮನ್ನಣೆಯೂ ಹೀಗೆ ಒಂದರ ಹಿಂದೊಂದು ಬರುತ್ತವಾದರೂ, ಒಂದರ ಮುಖವನ್ನೊಂದು ನೋಡುವುದಿಲ್ಲ. ಲೆಕ್ಕವು ಹಳ್ಳಿಯ ಬೇವಿನ ಮರದ ಕೆಳಗೆ, ಹರಕು ಜಮಖಾನೆಯ ಮೇಲೆ ಕೂತಿರುತ್ತದೆ. ಮನ್ನಣೆಯು ನಗರದ ವೇದಿಕೆಯ ಮೇಲೆ, ಕೆಂಪು ಮಖಮಲ್ಲಿನ ಕುರ್ಚಿಯಲ್ಲಿ ಕೂತಿರುತ್ತದೆ. ಇವೆರಡನ್ನೂ ಒಂದೇ ಪಂಕ್ತಿಯಲ್ಲಿ ಕೂರಿಸಬೇಕೆಂಬುದೇ ನನ್ನ ವಿಜ್ಞಾಪನೆಯ ಸಾರ.

ಅದೆಂತೆಂದರೆ, ನಗರದ ಸಾಧನೆಯನ್ನು ಹೇಳುವಾಗ, ದೊಡ್ಡ ದಿನಾಂಕಗಳನ್ನು ನಾವು ಚೆನ್ನಾಗಿ ಬಲ್ಲೆವು. 2009ರಲ್ಲಿ ಬುದ್ಧವಿಹಾರ ಲೋಕಾರ್ಪಣೆಯಾದುದನ್ನೂ, 2019ರ ನವೆಂಬರ್ 22ರಂದು ವಿಮಾನ ನಿಲ್ದಾಣ ತೆರೆದುದನ್ನೂ, 1928, 1949, 1987 ಮತ್ತು 2020ರಲ್ಲಿ, ನಾಲ್ಕು ಬಾರಿ, ಸಾಹಿತ್ಯ ಸಮ್ಮೇಳನವು ಈ ನಗರದ ಆತಿಥ್ಯವನ್ನು ಉಂಡುದನ್ನೂ ಭಾಷಣಕಾರರು ಕಂಠಪಾಠವಾಗಿ ಒಪ್ಪಿಸುತ್ತಾರೆ. ಆದರೆ ಊರಿನ ಬಾಳುವೆಯು ಉದ್ಘಾಟನೆಗಳ ದಿನದಂದು ಮಾತ್ರ ನಡೆಯುವಂಥದಲ್ಲ. ನೀರಿನ ಮಾತನ್ನೇ ತೆಗೆದುಕೊಳ್ಳಿ. ವಿಶ್ವ ಬ್ಯಾಂಕಿನ ನೆರವಿನ ಯೋಜನೆಯೊಂದರಲ್ಲಿ, ಹುಬ್ಬಳ್ಳಿ-ಧಾರವಾಡ ಮತ್ತು ಬೆಳಗಾವಿಗಳ ಜೊತೆಗೆ ಕಲಬುರಗಿಯ ಆಯ್ದ ಕೆಲವು ವಾರ್ಡುಗಳಿಗೆ 2008ರ ಸುಮಾರಿನಲ್ಲಿ ಹಗಲಿರುಳು ನೀರು ಹರಿಯತೊಡಗಿತು. ಬಿಸಿಲ ನಾಡಿನಲ್ಲಿ ಇದೂ ಸಾಧ್ಯವೆಂದು ದೇಶವೇ ಬಂದು ನೋಡಿತು. ಊರೆಲ್ಲಕ್ಕೂ ಅದನ್ನು ಹರಡುವ ಕೆಲಸವು ಅಂದಿನಿಂದ ತೆವಳುತ್ತ ಸಾಗಿದೆ. ಒಂದೇ ನಗರದಲ್ಲಿ ಒಂದು ಓಣಿಯವರು ನಡುರಾತ್ರಿ ನಳ ತಿರುಗಿಸಿ ನೀರು ಕುಡಿಯುತ್ತಾರೆ, ಇನ್ನೊಂದು ಓಣಿಯವರು ನಡುರಾತ್ರಿ ಎದ್ದು ಕೊಡಗಳನ್ನು ಸಾಲಿಗಿಡುತ್ತಾರೆ. ಇದರಲ್ಲಿ ಸಾಧನೆಯೂ ಇದೆ, ಸಾಲವೂ ಇದೆ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳುವ ವಾರ್ಷಿಕ ಸಭೆಯೊಂದು ಈ ನಗರಕ್ಕೆ ಬೇಕು. ನಮ್ಮ ಪಂಚಾಯತಿಗೆ ಒಂದು ಜಮಾಬಂದಿಯಿದ್ದರೆ, ಮಹಾನಗರ ಪಾಲಿಕೆಯ 55 ವಾರ್ಡುಗಳಲ್ಲಿ ಅದೇ ಬಗೆಯ 55 ಸಭೆಗಳು ಏಕಿರಬಾರದು? ಆಯಾ ವಾರ್ಡಿನ ಜನರ ಎದುರಿಗೆ ವರ್ಷದ ಲೆಕ್ಕವನ್ನು ಓದಿದ ಬಳಿಕ, ಅದೇ ಸಭೆಯಲ್ಲಿ, ಅದೇ ಜನರ ಬಾಯಿಂದ, ಈ ವರ್ಷ ನಮಗೆ ಉಪಕಾರ ಮಾಡಿದವರು ಯಾರೆಂಬ ಹೆಸರು ಬರಲಿ. ಅಂಥ ಹೆಸರನ್ನು ಶಿಫಾರಸಿನ ಕಾಗದವು ಹೊತ್ತು ತರಬೇಕಾಗಿಲ್ಲ. ಓಣಿಯೇ ಹೊತ್ತು ತರುತ್ತದೆ.

ಹಾಗೆ ಬಂದ ಹೆಸರುಗಳು ಯಾವುವಾದಾವೆಂದು ನಾನು ಊಹಿಸಬಲ್ಲೆ. ಏಪ್ರಿಲ್ ಮೇ ತಿಂಗಳುಗಳಲ್ಲಿ, ಬಿಸಿಲು ನಲವತ್ತು ಡಿಗ್ರಿಯನ್ನು ದಾಟಿ, ಸರಕಾರಿ ಕಚೇರಿಗಳೇ ಬೆಳಗಿನ ಎಂಟಕ್ಕೆ ತೆರೆದು ಮಧ್ಯಾಹ್ನದ ಒಂದೂವರೆಗೆ ಬಾಗಿಲು ಹಾಕಿಕೊಳ್ಳುವ ಕಾಲದಲ್ಲಿ, ಬಾಗಿಲೇ ಇಲ್ಲದ ಕೆಲಸವನ್ನು ಮಾಡುವವರ ಹೆಸರುಗಳು ಅವು: ಯಾವ ವಾಲ್ವನ್ನು ಎಷ್ಟು ಸುತ್ತು ತಿರುಗಿಸಿದರೆ ತುದಿಯ ಮನೆಗೆ ನೀರು ಮುಟ್ಟುತ್ತದೆಂದು ಕೈಯಲ್ಲಿಯೇ ಬಲ್ಲ ನೀರಗಂಟಿ, ನಸುಕಿನಲ್ಲಿ ಬೀದಿಗಿಳಿಯುವ ಪೌರಕಾರ್ಮಿಕ, ಹಳ್ಳಿಗಳಲ್ಲಿ ಕಸದ ಗಾಡಿಯಾದ ‘ಸ್ವಚ್ಛ ವಾಹಿನಿ’ಯನ್ನು ಓಡಿಸಲು ಕಲಿತ ಸ್ವಸಹಾಯ ಸಂಘದ ಹೆಣ್ಣುಮಗಳು, ತೂಕದ ತಕ್ಕಡಿಯಲ್ಲಿ ಕೂಸನ್ನು ಕೂರಿಸಿ, ಅದರ ತಾಯಿಯ ಮುಖವನ್ನು ನೋಡಿಯೇ ಮನೆಯ ಹಸಿವನ್ನು ಅಳೆಯುವ ಅಂಗನವಾಡಿಯ ಕಾರ್ಯಕರ್ತೆ. ಇವರ ವಿಷಯದಲ್ಲಿ ಬಿನ್ನವತ್ತಳೆ ಬರೆಯುವವನಿಗೆ ‘ಬಹುಮುಖ ಪ್ರತಿಭೆ’ಯ ಅವಶ್ಯಕತೆಯೇ ಬೀಳುವುದಿಲ್ಲ. ಆ ಒಂದೇ ಮುಖವನ್ನು ನೇರವಾಗಿ ನೋಡಿ ಬರೆದರೆ ಸಾಕು.

ನನ್ನ ಮಾತಿಗೆ ಎರಡು ಆಕ್ಷೇಪಗಳು ಬರಬಹುದು. ಕಾಯಕವೇ ಕೈಲಾಸವೆಂದು ನಂಬಿದವರಿಗೆ ಹೊಗಳಿಕೆ ಏಕೆ ಬೇಕು, ಅದನ್ನು ಬಯಸುವುದೇ ಕಾಯಕಕ್ಕೆ ಕಳಂಕವಲ್ಲವೆ ಎಂಬುದು ಮೊದಲನೆಯದು. ಆಯ್ದಕ್ಕಿ ಲಕ್ಕಮ್ಮನು, ಗಂಡನು ಅಗತ್ಯಕ್ಕಿಂತ ಹೆಚ್ಚಾಗಿ ಆಯ್ದು ತಂದ ಅಕ್ಕಿಯನ್ನು ಆಯ್ದಲ್ಲಿಯೇ ಸುರಿದು ಬರಲು ಹೇಳಿದವಳು. ಅಂಥವಳ ಮುಂದೆ ಶಾಲನ್ನು ಹಿಡಿದು ಹೋದರೆ ಅದನ್ನೂ ಹಿಂದಿರುಗಿಸುತ್ತಿದ್ದಳೆಂಬುದು ಸತ್ಯವೆ. ಆದರೆ ಆಕೆಯ ಹೆಸರನ್ನು ಲೋಕವು ನೆನೆದದ್ದು ಆಕೆಗೆ ಬೇಕಾಗಿತ್ತೆಂದಲ್ಲ, ಲೋಕಕ್ಕೆ ಬೇಕಾಗಿತ್ತೆಂದು. ನೀರಗಂಟಿಯನ್ನು ಹೆಸರು ಹಿಡಿದು ಕರೆದರೆ ನೀರಗಂಟಿಗೆ ಒಂದು ದಿನದ ಸಂತೋಷ. ಆ ಕರೆಯನ್ನು ಕೇಳಿದ ಮಕ್ಕಳಿಗೆ, ನೀರು ನಳದಿಂದ ತಾನಾಗಿಯೇ ಬರುವುದಿಲ್ಲ, ಅದರ ಹಿಂದೆ ಒಬ್ಬರ ಕೈಯಿದೆ ಎಂಬ ಜೀವಮಾನದ ಅರಿವು.

ಎರಡನೆಯ ಆಕ್ಷೇಪವು ತಮ್ಮದೇ ಸಂಕಟ. ಒಂದು ಪಟ್ಟಿಯನ್ನು ಮಾಡುವಾಗ ಎಷ್ಟು ಜಾತಿ, ಎಷ್ಟು ಪಕ್ಷ, ಎಷ್ಟು ತಾಲೂಕು, ಎಷ್ಟು ಶಿಫಾರಸು, ಎಷ್ಟು ಮುನಿಸುಗಳನ್ನು ತೂಗಿ ನೋಡಬೇಕೆಂಬುದನ್ನು ಹೊರಗಿನವರು ಅರಿಯರು. ನಾನು ಅದನ್ನು ತಿರಸ್ಕರಿಸುವುದಿಲ್ಲ. ಶರಣಬಸವೇಶ್ವರರ ದಾಸೋಹವೂ ಬಂದೇ ನವಾಜರ ದರ್ಗಾವೂ ಒಂದೇ ಪುರದಲ್ಲಿ ನೆಲೆಗೊಂಡಿರುವಾಗ ಎಲ್ಲರಿಗೂ ಪಂಕ್ತಿಯಲ್ಲಿ ಎಡೆ ಬೀಳಬೇಕೆಂಬುದು ಈ ಊರಿನ ಧರ್ಮವೇ ಆಗಿದೆ. ಆದರೆ ಕೆಲಸವನ್ನು ಮುಂದೆ ಮಾಡಿದರೆ ಈ ತೂಕವು ಹಗುರವಾಗುತ್ತದೆಯೇ ಹೊರತು ಭಾರವಾಗುವುದಿಲ್ಲ. ಇಂಥ ವರ್ಷ, ಇಂಥ ಓಣಿಯಲ್ಲಿ, ಇಂಥ ಕೆಲಸವನ್ನು ಮಾಡಿದರೆಂದು ಬರೆದು, ಹದಿನೈದು ದಿನ ವಾರ್ಡಿನ ಗೋಡೆಗೆ ಅಂಟಿಸಿ, ಆಕ್ಷೇಪವಿದ್ದರೆ ಹೇಳಿರೆಂದು ಕೇಳಿದರೆ, ಕೆಲಸವಿಲ್ಲದ ಹೆಸರು ತಾನಾಗಿಯೇ ಗೋಡೆಯಿಂದ ಕಳಚಿಕೊಳ್ಳುತ್ತದೆ. ಕೆಂಪು ಬಾಳೆಯು ಈ ಪರೀಕ್ಷೆಯನ್ನು ದಾಟಿತಲ್ಲವೆ?

ಕೆಲಸವನ್ನೇ ಹೆಸರಾಗಿ ಕರೆದಾಗ ಏನಾಗುತ್ತದೆಂಬುದನ್ನು ನಾವು ಈಚೆಗೆ ನೋಡಿಯೂ ಇದ್ದೇವೆ. ನಮ್ಮ ಮನೆಗಳಲ್ಲಿ ನಿತ್ಯವೂ ಬಡಿಯುವ ಜೋಳದ ರೊಟ್ಟಿಯನ್ನು ಸ್ವಸಹಾಯ ಸಂಘಗಳ ಹೆಣ್ಣುಮಕ್ಕಳು ‘ಕಲಬುರಗಿ ರೊಟ್ಟಿ’ಯೆಂಬ ಹೆಸರಿನಲ್ಲಿ ಪೇಟೆಗೆ ಒಯ್ದರು, 2025ರ ಜೂನ್ ತಿಂಗಳಲ್ಲಿ ಪ್ರಧಾನಮಂತ್ರಿಗಳು ತಮ್ಮ ಆಕಾಶವಾಣಿಯ ಮಾತಿನಲ್ಲಿ ಅದನ್ನು ನೆನೆದರು. ಅವರನ್ನು ಯಾರೂ ‘ಮಹಿಳಾ ಸಾಧಕಿಯರು’ ಎಂಬ ಮಸುಕು ಮಾತಿನಲ್ಲಿ ಸುತ್ತಿಡಲಿಲ್ಲ. ರೊಟ್ಟಿಯ ಹೆಸರನ್ನು ಹೇಳಿದರು. ರೊಟ್ಟಿಯೆಂದೊಡನೆ ಬಿಸಿ ಹಂಚು, ಹಿಟ್ಟು ಮೆತ್ತಿದ ಅಂಗೈ, ಬಡಿಯುವ ಸಪ್ಪಳ ಎಲ್ಲವೂ ಕೇಳುವವನ ಕಣ್ಣಮುಂದೆ ಬಂದುವು. ಈ ನಗರಕ್ಕಂತೂ ನಿಜವಾದ ಹೆಸರಿನ ಮಹಿಮೆಯನ್ನು ಯಾರೂ ಕಲಿಸಬೇಕಾಗಿಲ್ಲ. 2014ರ ನವೆಂಬರ್ 1ರಂದು ಗುಲ್ಬರ್ಗವು ಕಾಗದದಲ್ಲಿಯೂ ಕಲಬುರಗಿಯಾದಾಗ, ಊರಿಗೆ ಹೊಸದೇನೂ ಬರಲಿಲ್ಲ. ಹಳ್ಳಿಯ ಜನರು ತಲೆತಲಾಂತರದಿಂದ ಯಾವ ಹೆಸರಿನಿಂದ ಕರೆಯುತ್ತಿದ್ದರೋ ಆ ಹೆಸರನ್ನು ಸರಕಾರವು ಕೇಳಿಸಿಕೊಂಡಿತು, ಅಷ್ಟೆ. ಮನ್ನಣೆಯೆಂದರೆ ಇಷ್ಟೇ ಇರಬೇಕೆಂದು ನನಗೆ ತೋರುತ್ತದೆ: ಇದ್ದುದನ್ನು ಇದ್ದ ಹೆಸರಿನಿಂದ ಕರೆಯುವುದು.

ಇನ್ನು ನನ್ನ ವಿಜ್ಞಾಪನೆಯನ್ನು ಮುಗಿಸುವ ಮುನ್ನ ಒಂದು ಆಮಂತ್ರಣವಿದೆ. ನಮ್ಮ ಜಮಾಬಂದಿಗೆ ಡಂಗುರ ಸಾರುವ ಕಾಲ ಸಮೀಪಿಸಿದೆ. ಕಲಬುರಗಿಯಿಂದ ಹುಮನಾಬಾದಿನ ಕಡೆಗೆ ಹೊರಟ ಬಸ್ಸು ತಮ್ಮನ್ನು ಒಂದು ತಾಸಿನೊಳಗೆ ಮಹಾಗಾಂವ ಕ್ರಾಸಿನಲ್ಲಿ ಇಳಿಸುತ್ತದೆ. ತಮ್ಮಲ್ಲಿ ಇಬ್ಬರೋ ಮೂವರೋ ಬಂದು, ಜಮಖಾನೆಯ ಮೇಲೆ ನಮ್ಮೊಡನೆ ಕುಳಿತು, ಒಂದು ಊರು ತನ್ನ ವರ್ಷವನ್ನು ಹೇಗೆ ಎಣಿಸಿಕೊಳ್ಳುತ್ತದೆಂಬುದನ್ನು, ಅದರ ಕೊರತೆಗಳ ಸಮೇತವಾಗಿಯೇ, ನೋಡಬೇಕೆಂದು ಪ್ರಾರ್ಥಿಸುತ್ತೇನೆ. ಹಾರವನ್ನು ತರಬೇಡಿ, ನಾವೂ ಹಾಕುವುದಿಲ್ಲ. ಮಧ್ಯಾಹ್ನಕ್ಕೆ ರೊಟ್ಟಿ, ಪುಂಡಿಪಲ್ಯ, ತೊಗರಿಬೇಳೆಯ ಸಾರು ಇದ್ದೇ ಇರುತ್ತವೆ.

ಅಲ್ಲಿಗೆ ಬರುವಾಗ ಒಂದು ಉಪಕಾರವನ್ನೂ ಮಾಡಬೇಕು. ಈ ಪತ್ರವನ್ನು ಬರೆಯುತ್ತ ಬರೆಯುತ್ತ, ಇಷ್ಟು ವರ್ಷವೂ ನನಗೆ ಹೊಳೆಯದಿದ್ದ ಒಂದು ತಪ್ಪು ಹೊಳೆದು ನನ್ನ ಲೇಖನಿಯು ಒಂದು ಗಳಿಗೆ ನಿಂತಿತು. ನಾನು ಏನು ಮಾಡಿದೆನೆಂದು ಆ ಮುದುಕಿಯು ನನ್ನನ್ನು ಎರಡು ಸಲ ಕೇಳಿದಳು. ಆಕೆ ಯಾರೆಂದು ನಾನು ಒಂದು ಸಲವೂ ಕೇಳಲಿಲ್ಲ. ಅಂದು ಆ ವೇದಿಕೆಯ ಮೇಲೆ ಕೆಲಸವಿಲ್ಲದ ಹೆಸರೊಂದು ಶಾಲು ಹೊದ್ದು ನಿಂತಿತ್ತು. ಅದರ ಎದುರಿಗೇ ಹೆಸರಿಲ್ಲದ ಕೆಲಸವೊಂದು ಬರಲು ಹಿಡಿದು ನಿಂತಿತ್ತು. ಬಿನ್ನವತ್ತಳೆಗಳನ್ನು ಬರೆದವನು ನಾನೆಂಬುದಕ್ಕಿಂತ, ಆ ಪ್ರಶ್ನೆಯನ್ನು ಕೇಳದೆ ಹೋದವನು ನಾನೆಂಬುದೇ ಈಗ ನನ್ನನ್ನು ಹೆಚ್ಚಾಗಿ ಬಾಧಿಸುತ್ತಿದೆ. ತಮ್ಮ ಸಭಾಭವನಗಳಲ್ಲಿ ಆಕೆ ಇನ್ನೂ ಗುಡಿಸುತ್ತಿರಬಹುದು. ದಯಮಾಡಿ ವಿಚಾರಿಸಿ, ಹೆಸರನ್ನು ತಿಳಿದುಕೊಂಡು ಬನ್ನಿ. ಮುಂದಿನ ಪಟ್ಟಿಯ ಮೊದಲ ಸಾಲನ್ನು ಬರೆಯುವುದಕ್ಕಾಗಿ, ಬಿಟ್ಟಿದ್ದ ಅಭ್ಯಾಸವನ್ನು ಒಂದು ಸಲಕ್ಕೆ ಮತ್ತೆ ಕೈಗೆತ್ತಿಕೊಳ್ಳಲು ನಾನು ಸಿದ್ಧನಿದ್ದೇನೆ.

ಇತಿ ತಮ್ಮ ವಿಧೇಯ,
ಮಹಾಗಾಂವದ ಒಬ್ಬ ನಿವೃತ್ತ ಶಾಲಾ ಮಾಸ್ತರ